ಡ್ರಿಪ್ಪೋ, ಮಾತ್ರೆಯೋ, ಕಣ್ಣಿಗೇ ಇಂಜೆಕ್ಷನ್ನೋ? ವೈರಸ್ ತಗುಲಿದ ರೆಟಿನಾಕ್ಕೆ ಔಷಧ ಮುಟ್ಟಿಸುವ ದಾರಿಗಳು

"ಡಾಕ್ಟ್ರೇ, ಇಷ್ಟು ದೊಡ್ಡ ಕಾಯಿಲೆ ಅಂತೀರಿ, ಡ್ರಿಪ್ ಹಾಕದೆ ಬರೀ ಮಾತ್ರೆ ಕೊಟ್ಟು ಕಳಿಸ್ತೀರಾ?"

ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ, ಅದರ ವಿಭಾಗದಲ್ಲಿ ಕೂತವರಿಗೆ ಈ ಪ್ರಶ್ನೆ ಹೊಸದಲ್ಲ. ಇದನ್ನು ಕೇಳಿದವರಲ್ಲಿ ಒಬ್ಬ ಹುಡುಗನ ಮುಖ ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ. ಅಪ್ಪನನ್ನು ರಾತ್ರಿ ಬಸ್ಸಿನಲ್ಲಿ ಕರೆತಂದಿದ್ದ. ಅಪ್ಪನಿಗೆ ಅರವತ್ತರ ಆಸುಪಾಸು. ಬಲಗಣ್ಣು ಕೆಂಪಾಗಿ ನಾಲ್ಕು ದಿನದಿಂದ ಮಂಜು, ಎದುರಿಗೆ ಸೊಳ್ಳೆ ಹಾರಾಡಿದ ಹಾಗೆ ಕಪ್ಪು ಚುಕ್ಕೆಗಳು. ಮೂರು ವಾರದ ಹಿಂದೆ ಹಣೆಯ ಮೇಲೆ ಸರ್ಪಸುತ್ತು ಎದ್ದು ಒಣಗಿತ್ತು, ಅದರ ಕಪ್ಪು ಕಲೆ ಇನ್ನೂ ಕಾಣುತ್ತಿತ್ತು. ಪಾಪೆ ಹಿಗ್ಗಿಸಿ ನೋಡಿದರೆ ರೆಟಿನಾದ ಅಂಚಿನಲ್ಲಿ ಹಾಲು ಚೆಲ್ಲಿದಂತೆ ಬಿಳಿ ತೇಪೆಗಳು, ಅಲ್ಲಲ್ಲಿ ರಕ್ತದ ಕಲೆ. ತಡಮಾಡಿದರೆ ಆ ಬಿಳುಪು ನಡುವಿನ ಕಡೆಗೆ ಹರಿದು ಬರುತ್ತದೆ, ದಿನದಿಂದ ದಿನಕ್ಕೆ.

ಹುಡುಗನ ಪ್ರಶ್ನೆಯಲ್ಲಿ ತಪ್ಪಿಲ್ಲ. ನಮ್ಮಲ್ಲಿ ಬಾಟಲಿ ಏರಿಸಿದರೆ ದೊಡ್ಡ ಚಿಕಿತ್ಸೆ, ಮಾತ್ರೆ ಕೊಟ್ಟರೆ ಸಣ್ಣದು ಎಂಬ ಲೆಕ್ಕ ಜನರಲ್ಲಷ್ಟೇ ಅಲ್ಲ, ವೈದ್ಯರಲ್ಲೂ ಇದೆ. ಆದರೆ ಕಣ್ಣಿನ ವಿಷಯಕ್ಕೆ ಬಂದರೆ ಆ ಲೆಕ್ಕ ಕೈಕೊಡುತ್ತದೆ. ರಕ್ತಕ್ಕೆ ಎಷ್ಟು ಔಷಧ ಹೋಯಿತು ಎಂಬುದು ಒಂದು ಮಾತು, ಕಣ್ಣೊಳಗೆ ಎಷ್ಟು ಇಳಿಯಿತು ಎಂಬುದು ಇನ್ನೊಂದು. ಈ ಎರಡರ ನಡುವಿನ ಅಂತರ ಗೊತ್ತಿದ್ದರೆ ಡ್ರಿಪ್, ಮಾತ್ರೆ, ಕಣ್ಣಿನ ಇಂಜೆಕ್ಷನ್ ಇವುಗಳಲ್ಲಿ ಯಾವುದು ಯಾರಿಗೆ ಎಂಬುದು ಬಹುಪಾಲು ತಾನಾಗಿ ತಿಳಿಯುತ್ತದೆ. ರೋಗಿಯ ಮನೆಯವರಿಗೂ, ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥ ಕಣ್ಣನ್ನು ಮೊದಲು ನೋಡುವ ಕಿರಿಯ ವೈದ್ಯರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಇಲ್ಲಿ ಬರುವ ಪ್ರಮಾಣಗಳು ದೊಡ್ಡವರಿಗೆ ರೂಢಿಯಲ್ಲಿರುವಂಥವು. ಒಬ್ಬೊಬ್ಬರ ತೂಕ, ಮೂತ್ರಪಿಂಡದ ಸ್ಥಿತಿ ನೋಡಿ ಅವು ಬದಲಾಗುತ್ತವೆ.

ಮೊದಲು ವೈರಸ್ ಯಾವುದು?

ಔಷಧ ಎಷ್ಟು ಚೆನ್ನಾಗಿ ಕಣ್ಣು ಸೇರಿದರೂ ಆ ವೈರಸ್ಸಿಗೆ ಅದು ತಾಗದಿದ್ದರೆ ಏನೂ ಪ್ರಯೋಜನವಿಲ್ಲ. ರೆಟಿನಾವನ್ನು ತಿನ್ನುವ ವೈರಸ್‌ಗಳಲ್ಲಿ ಹೆಚ್ಚಿನವು ಹರ್ಪಿಸ್ ಕುಟುಂಬದವೇ. ಸೀತಾಳೆ ಸಿಡುಬು ಮತ್ತು ಸರ್ಪಸುತ್ತು ತರುವ ವ್ಯಾರಿಸೆಲ್ಲಾ ಜೋಸ್ಟರ್, ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ಸಿಂಪ್ಲೆಕ್ಸ್, ಮತ್ತು ಸಿಎಂವಿ ಎಂದು ಕರೆಯುವ ಸೈಟೋಮೆಗಾಲೊ ವೈರಸ್.

ಮೊದಲಿನ ಎರಡು ಸಾಮಾನ್ಯವಾಗಿ ಗಟ್ಟಿಮುಟ್ಟಾಗಿದ್ದವರಲ್ಲೇ ಅಕ್ಯೂಟ್ ರೆಟಿನಲ್ ನೆಕ್ರೋಸಿಸ್ ಎಂಬ ಕಾಯಿಲೆ ತರುತ್ತವೆ. 1971ರಲ್ಲಿ ಜಪಾನಿನ ಉರಾಯಾಮಾ ಮತ್ತು ಸಂಗಡಿಗರು ಇದನ್ನು ಮೊದಲು ವರ್ಣಿಸಿದಾಗ ಕಾರಣ ವೈರಸ್ ಎಂಬುದೇ ಗೊತ್ತಿರಲಿಲ್ಲ. ನಾನು ಇಲ್ಲಿ ಅದನ್ನು ಎಆರ್‌ಎನ್ ಎನ್ನುತ್ತೇನೆ, ನಮ್ಮ ವಾರ್ಡುಗಳಲ್ಲಿ ಎಲ್ಲರೂ ಹಾಗೇ ಕರೆಯುವುದು. ಸಿಎಂವಿಯ ದಾರಿ ಬೇರೆ. ಎಚ್ಐವಿ ಇದ್ದು ಸಿಡಿ4 (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಎಣಿಕೆ 50ಕ್ಕಿಂತ ಕೆಳಗೆ ಇಳಿದವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು ಅದಕ್ಕೆ ಸಿಕ್ಕಿಬೀಳುತ್ತಾರೆ. ಕಣ್ಣು ಅಷ್ಟೇನೂ ಕೆಂಪಾಗುವುದಿಲ್ಲ, ನೋವಿರುವುದಿಲ್ಲ. ಹಾಗಾಗಿ ಬರುವುದೇ ತಡವಾಗಿ.

ಅಸೈಕ್ಲೊವಿರ್ ಮೊದಲೆರಡು ವೈರಸ್‌ಗಳ ಮೇಲೆ ಕೆಲಸ ಮಾಡುತ್ತದೆ, ಸಿಎಂವಿ ಮೇಲೆ ಅದರ ಪ್ರಭಾವ ತೀರ ಕಡಿಮೆ. ಗ್ಯಾನ್‌ಸೈಕ್ಲೊವಿರ್ ಮೂರರ ಮೇಲೂ ಕೆಲಸ ಮಾಡುತ್ತದೆ, ಆದರೆ ಮೂಳೆಮಜ್ಜೆಯನ್ನು ಕಾಡುತ್ತದೆ. ಅನುಮಾನವಿದ್ದರೆ ಕಣ್ಣಿನ ಮುಂಭಾಗದಿಂದ 0.1 ಮಿಲಿ ನೀರನ್ನು ಸಣ್ಣ ಸೂಜಿಯಲ್ಲಿ ತೆಗೆದು, ವೈರಸ್ ಯಾವುದೆಂದು ಗುರುತಿಸುವ ಪರೀಕ್ಷೆಯಾದ ಪಿಸಿಆರ್‌ಗೆ ಕಳಿಸುತ್ತೇವೆ. ಫಲಿತಾಂಶಕ್ಕೆ ಕಾಯುತ್ತಾ ಚಿಕಿತ್ಸೆ ನಿಲ್ಲಿಸಿ ಕೂರಬಾರದು. ಎಆರ್‌ಎನ್ ಎಂಬ ಅನುಮಾನ ಬಂದ ಗಂಟೆಯಲ್ಲೇ ಔಷಧ ಶುರುವಾಗಬೇಕು.

ಕಣ್ಣು ಯಾಕೆ ಬಾಗಿಲು ಹಾಕಿಕೊಂಡಿದೆ?

ದೇಹದ ಬೇರೆ ಕಡೆ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಸಂದುಗಳಿರುತ್ತವೆ. ರಕ್ತದಲ್ಲಿರುವ ಔಷಧ ಆ ಸಂದುಗಳಿಂದ ಜಿನುಗಿ ಸುತ್ತಲಿನ ಮಾಂಸಕ್ಕೆ ಸೇರುತ್ತದೆ. ರೆಟಿನಾದಲ್ಲಿ ಹಾಗಿಲ್ಲ. ಅಲ್ಲಿನ ರಕ್ತನಾಳಗಳ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದುಕೊಂಡಿವೆ. ಇದು ಒಳಗಿನ ಗೋಡೆ. ರೆಟಿನಾದ ಹಿಂದೆ ವರ್ಣಕ ಕೋಶಗಳ ಒಂದು ಪದರವಿದೆ, ಅದೂ ಅಷ್ಟೇ ಬಿಗಿ. ಇದು ಹೊರಗಿನ ಗೋಡೆ. ಎರಡೂ ಸೇರಿ ರಕ್ತದಲ್ಲಿ ಬಂದದ್ದೆಲ್ಲ ಕಣ್ಣೊಳಗೆ ನುಗ್ಗದಂತೆ ತಡೆಯುತ್ತವೆ. ಇಷ್ಟು ಕಟ್ಟುನಿಟ್ಟು ಇರುವುದರಿಂದಲೇ ರೆಟಿನಾ ತಿಳಿಯಾಗಿ ಉಳಿದಿದೆ.

ಕೊಬ್ಬಿನಲ್ಲಿ ಕರಗುವ ಅಣುಗಳು ಈ ಗೋಡೆಯನ್ನು ಸಲೀಸಾಗಿ ದಾಟುತ್ತವೆ. ನೀರಿನಲ್ಲಿ ಕರಗುವಂಥವು ಒದ್ದಾಡುತ್ತವೆ. ಅಸೈಕ್ಲೊವಿರ್, ಗ್ಯಾನ್‌ಸೈಕ್ಲೊವಿರ್, ಫೋಸ್ಕಾರ್ನೆಟ್ ಮೂರೂ ಎರಡನೆಯ ಗುಂಪಿನವೇ. ಅವುಗಳ ಪುಣ್ಯಕ್ಕೆ ಅಣುಗಳು ಚಿಕ್ಕವು, ರಕ್ತದ ಪ್ರೋಟೀನಿಗೆ ಹೆಚ್ಚು ಅಂಟಿಕೊಳ್ಳುವುದಿಲ್ಲ. ಹಾಗಾಗಿ ಒಂದಿಷ್ಟು ಪಾಲು ಒಳಗೆ ಹೋಗಿಯೇ ಹೋಗುತ್ತದೆ.

ಇನ್ನೊಂದು ಮಾತು. ಉರಿಯೂತವಾದ ಕಣ್ಣಿನಲ್ಲಿ ಗೋಡೆ ಬಿರುಕು ಬಿಟ್ಟಿರುತ್ತದೆ, ಔಷಧ ಸ್ವಲ್ಪ ಹೆಚ್ಚೇ ಇಳಿಯುತ್ತದೆ. ಗುಣವಾಗುತ್ತಾ ಬಂದಂತೆ ಗೋಡೆ ಮತ್ತೆ ಮುಚ್ಚಿಕೊಳ್ಳುತ್ತದೆ. ಮೊದಲ ವಾರ ಕೆಲಸ ಮಾಡಿದ ಪ್ರಮಾಣವೇ ಮೂರನೆಯ ವಾರವೂ ಅಷ್ಟೇ ಔಷಧವನ್ನು ಒಳಗೆ ಕಳಿಸುತ್ತದೆ ಎಂದು ನಂಬುವಂತಿಲ್ಲ.

ಕಣ್ಣೊಳಗಿನ ಔಷಧವನ್ನು ಅಳೆದದ್ದು ಹೇಗೆ ಎಂಬುದನ್ನೂ ತಿಳಿದಿದ್ದರೆ ಒಳ್ಳೆಯದು, ಯಾಕೆಂದರೆ ಮುಂದೆ ಬರುವ ಅಂಕಿಗಳನ್ನು ಎಷ್ಟು ನಂಬಬೇಕು ಎಂಬುದು ಅದರಲ್ಲೇ ಇದೆ. ಬದುಕಿರುವ ಮನುಷ್ಯನ ರೆಟಿನಾ ತುಂಡನ್ನು ಕತ್ತರಿಸಿ ನೋಡಲು ಆಗುವುದಿಲ್ಲ. ಬೇರೆ ಕಾರಣಕ್ಕೆ ವಿಟ್ರೆಕ್ಟಮಿ ಶಸ್ತ್ರಚಿಕಿತ್ಸೆ ಮಾಡುವಾಗ, ಕಣ್ಣೊಳಗೆ ಸಲೈನ್ ಬಿಡುವ ಮೊದಲು, ವಿಟ್ರಿಯಸ್ ಅಂದರೆ ಕಣ್ಣಿನ ಹೊಟ್ಟೆಯಲ್ಲಿರುವ ಲೋಳೆಯನ್ನು ಒಂದಿಷ್ಟು ಹಾಗೇ ಎಳೆದುಕೊಳ್ಳುತ್ತಾರೆ. ಅದೇ ಹೊತ್ತಿಗೆ ತೋಳಿನಿಂದ ರಕ್ತ. ಎರಡನ್ನೂ ಅಳೆದು ಹೋಲಿಸುತ್ತಾರೆ. ವೈರಸ್ ಇರುವುದು ರೆಟಿನಾದ ಜೀವಕೋಶದೊಳಗೆ, ನಾವು ಅಳೆಯುವುದು ಅದರ ಪಕ್ಕದ ಲೋಳೆಯನ್ನು. ಪಕ್ಕದ ಮನೆಯ ಕಿಟಕಿಯಿಂದ ಇಣುಕಿದ ಹಾಗೆ. ಆದರೂ ಬೇರೆ ಕಿಟಕಿಯಿಲ್ಲದಿರುವಾಗ ಇದು ಸಣ್ಣದಲ್ಲ.

ಅಸೈಕ್ಲೊವಿರ್ ಡ್ರಿಪ್ ಮತ್ತು ವಾಲಾಸೈಕ್ಲೊವಿರ್ ಮಾತ್ರೆ

ಎಆರ್‌ಎನ್‌ಗೆ ಹಳೆಯ ರೂಢಿ ಎಂದರೆ ಅಸೈಕ್ಲೊವಿರ್ ಡ್ರಿಪ್. ಪ್ರತಿ ಕೆಜಿ ತೂಕಕ್ಕೆ 10 ಮಿಗ್ರಾಂನಂತೆ ಎಂಟು ಗಂಟೆಗೊಮ್ಮೆ, ಏಳರಿಂದ ಹತ್ತು ದಿನ, ಕೆಲವೊಮ್ಮೆ ಎರಡು ವಾರ. ಆಮೇಲೆ ಹಲವು ವಾರ ಮಾತ್ರೆ. 1986ರಲ್ಲಿ ಬ್ಲೂಮೆನ್‌ಕ್ರಾನ್ಜ್ ಮತ್ತು ಸಂಗಡಿಗರು ಡ್ರಿಪ್ ಕೊಟ್ಟ ರೋಗಿಗಳ ವಿವರ ಪ್ರಕಟಿಸಿದಾಗ, ಔಷಧ ಶುರುವಾಗಿ ಸರಾಸರಿ ನಾಲ್ಕು ದಿನಕ್ಕೆ ಬಿಳಿ ತೇಪೆಗಳು ಇಳಿಮುಖವಾಗಿದ್ದವು. ಅದಕ್ಕೂ ಮೊದಲು ಈ ಕಾಯಿಲೆಗೆ ನೆಚ್ಚಿಕೊಳ್ಳುವಂಥ ಮದ್ದೇ ಇರಲಿಲ್ಲ. ಅಸೈಕ್ಲೊವಿರ್ ಹುಟ್ಟಿದ ಪ್ರಯೋಗಾಲಯದ ಗರ್ಟ್ರೂಡ್ ಎಲಿಯಾನ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಅವರ ಕೆಲಸದ ಬೆಲೆ ಎಆರ್‌ಎನ್ ವಾರ್ಡಿನಲ್ಲಿ ನಿಂತು ನೋಡಿದವರಿಗೆ ಗೊತ್ತು.

ಈಗ ಅಂಕಿ ನೋಡೋಣ. 10 ಮಿಗ್ರಾಂ ಲೆಕ್ಕದ ಡ್ರಿಪ್ ಮುಗಿದಾಗ ರಕ್ತದಲ್ಲಿ ಪ್ರತಿ ಮಿಲಿಗೆ 20 ಮೈಕ್ರೊಗ್ರಾಂ ಆಸುಪಾಸು ಅಸೈಕ್ಲೊವಿರ್ ಇರುತ್ತದೆ. ಮುಂದಿನ ಡೋಸಿನ ಹೊತ್ತಿಗೆ ಅದು ಎರಡರ ಸುತ್ತಮುತ್ತ ಇಳಿದಿರುತ್ತದೆ, ಯಾಕೆಂದರೆ ಎರಡೂವರೆ, ಮೂರು ಗಂಟೆಗೊಮ್ಮೆ ರಕ್ತದ ಮಟ್ಟ ಅರ್ಧವಾಗುತ್ತದೆ. ಈ ಏರಿಳಿತ ಕಣ್ಣಿಗೆ ಅಷ್ಟು ಚೂಪಾಗಿ ತಲುಪುವುದಿಲ್ಲ. ಲೋಳೆಗೆ ನಿಧಾನ ಇಳಿಯುತ್ತದೆ, ನಿಧಾನ ಹೊರಹೋಗುತ್ತದೆ. ಹಾಗಾಗಿ ರಕ್ತದ ಶಿಖರಕ್ಕಿಂತ ಇಡೀ ದಿನದಲ್ಲಿ ರಕ್ತದಲ್ಲಿದ್ದ ಒಟ್ಟು ಮೊತ್ತ ಕಣ್ಣಿಗೆ ಹೆಚ್ಚು ಮುಖ್ಯ. ಡ್ರಿಪ್ ಅಂದ ತಕ್ಷಣ ನಮ್ಮ ಕಣ್ಣು ಹೋಗುವುದು ಮಾತ್ರ ಶಿಖರದ ಕಡೆಗೆ.

ಬಾಯಿಯಿಂದ ಕೊಡುವ ಹಳೆಯ ಅಸೈಕ್ಲೊವಿರ್ ಮಾತ್ರೆ ಇಲ್ಲಿ ಸ್ಪರ್ಧೆಗೇ ಇಲ್ಲ. ನುಂಗಿದ್ದರಲ್ಲಿ ರಕ್ತ ಸೇರುವುದು ಶೇಕಡಾ 10ರಿಂದ 20. ಮೊದಲ ಹಂತದಲ್ಲಿ ಅದನ್ನು ನೆಚ್ಚಿಕೊಂಡು ಎಆರ್‌ಎನ್ ರೋಗಿಯನ್ನು ಮನೆಗೆ ಕಳಿಸಬಾರದು. ದಿನಕ್ಕೆ ಐದು ಸಲ 800 ಮಿಗ್ರಾಂ ಬರೆದ ಚೀಟಿ ಹಿಡಿದು ಬಂದವರನ್ನು ಈಗಲೂ ನೋಡುತ್ತೇನೆ. ಅದು ಚರ್ಮದ ಸರ್ಪಸುತ್ತಿನ ಪ್ರಮಾಣ. ಕಣ್ಣೊಳಗೆ ಹಬ್ಬುತ್ತಿರುವ ಬೆಂಕಿಗೆ ಅದು ಸಾಲದು.

ವಾಲಾಸೈಕ್ಲೊವಿರ್ ಆಟವನ್ನೇ ಬದಲಿಸಿತು. ಇದು ಅಸೈಕ್ಲೊವಿರ್‌ಗೆ ವ್ಯಾಲಿನ್ ಎಂಬ ಅಮೈನೊ ಆಮ್ಲವನ್ನು ಜೋಡಿಸಿದ ರೂಪ. ಕರುಳು ಅದನ್ನು ಆಹಾರದ ಅಂಶವೆಂದು ತಿಳಿದು ಎಳೆದುಕೊಳ್ಳುತ್ತದೆ, ಒಳಗೆ ಹೋದ ಮೇಲೆ ಜೋಡಣೆ ಕಳಚಿ ಅಸೈಕ್ಲೊವಿರ್ ಉಳಿಯುತ್ತದೆ. ರಕ್ತ ಸೇರುವ ಪಾಲು ಶೇಕಡಾ 54ಕ್ಕೆ ಏರುತ್ತದೆ. ದಿನದ ಒಟ್ಟು ಮೊತ್ತದ ಲೆಕ್ಕದಲ್ಲಿ 1 ಗ್ರಾಂ ಮಾತ್ರೆ ದಿನಕ್ಕೆ ಮೂರು ಸಲ ನುಂಗಿದರೆ ಕೆಜಿಗೆ 5 ಮಿಗ್ರಾಂ ಡ್ರಿಪ್ಪಿಗೆ ಹತ್ತಿರ. 2 ಗ್ರಾಂ ದಿನಕ್ಕೆ ನಾಲ್ಕು ಸಲ ಕೊಟ್ಟರೆ ಕೆಜಿಗೆ 10 ಮಿಗ್ರಾಂ ಡ್ರಿಪ್ಪಿಗೆ ಸಮ. ಹಲವರು ನಡುವಿನ ದಾರಿ ಹಿಡಿದು 2 ಗ್ರಾಂ ಮೂರು ಸಲ ಕೊಡುತ್ತಾರೆ. ದಿನಕ್ಕೆ 8 ಗ್ರಾಂ ಎಂಬುದು ಹುಡುಗಾಟದ ಪ್ರಮಾಣವಲ್ಲ. ರೋಗನಿರೋಧಕ ಶಕ್ತಿ ತೀರ ಕುಗ್ಗಿದ ಎಚ್ಐವಿ ರೋಗಿಗಳಲ್ಲಿ ಆ ಪ್ರಮಾಣದಿಂದ ರಕ್ತಕಣ ಒಡೆದು ಮೂತ್ರಪಿಂಡ ಕೆಡುವ ಗಂಭೀರ ತೊಂದರೆ ಕಂಡುಬಂದದ್ದುಂಟು.

ಕಣ್ಣಿಗೆ ಇದರಲ್ಲಿ ಎಷ್ಟು ಇಳಿಯುತ್ತದೆ? 2008ರಲ್ಲಿ ಹುಯಿನ್ ಮತ್ತು ಸಂಗಡಿಗರು ವಿಟ್ರೆಕ್ಟಮಿಗೆ ಬಂದ, ಉರಿಯೂತವಿಲ್ಲದ ಕಣ್ಣಿನ ರೋಗಿಗಳಿಗೆ 1 ಗ್ರಾಂ ಮೂರು ಸಲ ಕೊಟ್ಟು ಅಳೆದರು. ಪ್ರತಿ ಮಿಲಿ ರಕ್ತದಲ್ಲಿ ಸರಾಸರಿ 4.41 ಮೈಕ್ರೊಗ್ರಾಂ, ಲೋಳೆಯಲ್ಲಿ 1.03. ಅಂದರೆ ರಕ್ತದ ಕಾಲು ಭಾಗದಷ್ಟು. ಹರ್ಪಿಸ್ ಸಿಂಪ್ಲೆಕ್ಸ್‌ನ ಬಹುತೇಕ ತಳಿಗಳಿಗೆ ಇದು ಸಾಕು. ವ್ಯಾರಿಸೆಲ್ಲಾ ಜೋಸ್ಟರ್ ಹೆಚ್ಚು ಹಟಮಾರಿ, ಅದನ್ನು ತಡೆಯಲು ಹಲವು ಪಟ್ಟು ಹೆಚ್ಚು ಔಷಧ ಬೇಕು, ಅಲ್ಲಿ 1.03 ಎಂಬುದು ಗಡಿಯ ಮೇಲೆ ನಿಂತಿದೆ. ಸರ್ಪಸುತ್ತಿನ ಹಿನ್ನೆಲೆ ಇದ್ದರೆ ನಾನು ಹೆಚ್ಚಿನ ಪ್ರಮಾಣಕ್ಕೋ ಕಣ್ಣಿನ ಇಂಜೆಕ್ಷನ್‌ಗೋ ಕೈಹಾಕುವುದು ಈ ಕಾರಣಕ್ಕೆ.

ಕಾಲು ಭಾಗ ಎಂಬ ಈ ಅನುಪಾತ ಔಷಧ ಯಾವ ದಾರಿಯಲ್ಲಿ ರಕ್ತಕ್ಕೆ ಬಂತು ಎಂದು ಕೇಳುವುದಿಲ್ಲ. ಗೋಡೆಗೆ ಕಾಣುವುದು ರಕ್ತದಲ್ಲಿರುವ ಅಸೈಕ್ಲೊವಿರ್ ಮಾತ್ರ. ಅದು ಬಾಟಲಿಯಿಂದ ಬಂದಿರಲಿ, ಮಾತ್ರೆಯಿಂದ ಬಂದಿರಲಿ, ಗೋಡೆಗೆ ಎಲ್ಲ ಒಂದೇ. ಆ ಹುಡುಗನಿಗೆ ನಾನು ಹೇಳಿದ್ದು ಇದನ್ನೇ. 2017ರಲ್ಲಿ ಅಮೆರಿಕನ್ ಅಕಾಡೆಮಿ ಆಫ್ ಆಫ್ತಾಲ್ಮಾಲಜಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ತೂಗಿ ನೋಡಿ, ಎಆರ್‌ಎನ್‌ಗೆ ಡ್ರಿಪ್‌ನಿಂದ ಶುರು ಮಾಡಿದರೂ ಸರಿ, ಮಾತ್ರೆಯಿಂದ ಶುರು ಮಾಡಿದರೂ ಸರಿ ಎಂದಿತು. ಜೊತೆಗೆ ಕಣ್ಣಿಗೆ ಫೋಸ್ಕಾರ್ನೆಟ್ ಇಂಜೆಕ್ಷನ್ ಸೇರಿಸಿದರೆ ಬರೀ ಡ್ರಿಪ್ ಅಥವಾ ಮಾತ್ರೆಗಿಂತ ಫಲ ಹೆಚ್ಚಿರಬಹುದು ಎಂದೂ ಸೇರಿಸಿತು.

ಹಾಗಾದರೆ ಡ್ರಿಪ್ಪಿನ ಹೆಚ್ಚುಗಾರಿಕೆ ಏನು? ಮೊದಲ ಗಂಟೆಯಲ್ಲೇ ರಕ್ತದ ಮಟ್ಟ ಮೇಲೇರುತ್ತದೆ. ವಾಂತಿ, ಭೇದಿ, ಮಾತ್ರೆ ಮರೆಯುವುದು ಯಾವುದೂ ಅಡ್ಡ ಬರುವುದಿಲ್ಲ. ಮೆದುಳಿನ ನೀರಿಗೆ ರಕ್ತದ ಅರ್ಧದಷ್ಟು ಔಷಧ ಹೋಗುತ್ತದೆ, ಮೆದುಳಿಗೂ ವೈರಸ್ ತಗುಲಿದ್ದರೆ ಡ್ರಿಪ್ಪಿಗೆ ಬದಲಿಯೇ ಇಲ್ಲ. ಅದರ ತೊಂದರೆಗಳೂ ಅಷ್ಟೇ ನಿಜ. ಅಸೈಕ್ಲೊವಿರ್ ದ್ರಾವಣ ವಿಪರೀತ ಕ್ಷಾರ. ಸೂಜಿ ಸ್ವಲ್ಪ ಜರುಗಿದರೂ ಕೈ ಊದಿ ಕೆಂಪಾಗುತ್ತದೆ. ಬೇಗ ಬೇಗ ಬಿಟ್ಟರೆ ಮೂತ್ರಪಿಂಡದ ಕೊಳವೆಗಳಲ್ಲಿ ಹರಳುಗಟ್ಟುತ್ತದೆ. ಹಾಗಾಗಿ ಒಂದು ಗಂಟೆ ಹಿಡಿಸಿಯೇ ಬಿಡಬೇಕು, ರೋಗಿಗೆ ಚೆನ್ನಾಗಿ ನೀರು ಕುಡಿಸಬೇಕು. ರಾತ್ರಿ ಪಾಳಿಯಲ್ಲಿ ಒಬ್ಬರೇ ಸಿಸ್ಟರ್ ಮೂವತ್ತು ಹಾಸಿಗೆ ನೋಡುವಲ್ಲಿ ಈ ಒಂದು ಗಂಟೆ ಇಪ್ಪತ್ತು ನಿಮಿಷವಾಗುವುದು ಸುಲಭ. ಮನೆಯವರು ಪಕ್ಕದಲ್ಲಿ ಕೂತು ಗಡಿಯಾರ ನೋಡಿದರೂ ಅದು ದೊಡ್ಡ ಉಪಕಾರ.

ಸಿಎಂವಿ ಕಲಿಸಿದ ಪಾಠ

ರಕ್ತದಿಂದ ಕಣ್ಣಿಗೆ ಎಷ್ಟು ಇಳಿಯುತ್ತದೆ ಎಂಬ ಪ್ರಶ್ನೆಯನ್ನು ವೈದ್ಯಲೋಕ ಗಂಭೀರವಾಗಿ ಕೇಳಿದ್ದು ಏಡ್ಸ್‌ನ ಕಾಲದಲ್ಲಿ. ಅಮೆರಿಕದಲ್ಲಿ ಎಂಬತ್ತರ ದಶಕದ ಕೊನೆಗೆ ಸಿಎಂವಿಯಿಂದ ಕುರುಡಾಗುತ್ತಿದ್ದ ಯುವಕರು ವಾರ್ಡು ತುಂಬಿದ್ದರು. 1989ರಲ್ಲಿ ಗ್ಯಾನ್‌ಸೈಕ್ಲೊವಿರ್ ಡ್ರಿಪ್ಪಿಗೆ ಅಲ್ಲಿ ಅನುಮತಿ ಸಿಕ್ಕಿತು. ಕೆಜಿಗೆ 5 ಮಿಗ್ರಾಂ, ದಿನಕ್ಕೆ ಎರಡು ಸಲ, ಎರಡು ಮೂರು ವಾರ. ಆಮೇಲೆ ದಿನಕ್ಕೊಂದು ಸಲ, ಬದುಕಿರುವ ತನಕ. ಎದೆಯಲ್ಲಿ ಶಾಶ್ವತ ಕೊಳವೆ ಹಾಕಿಸಿಕೊಂಡು ದಿನಾ ಔಷಧ ಏರಿಸಿಕೊಳ್ಳಬೇಕಿತ್ತು. ಇಷ್ಟಾದರೂ ಕೆಲವು ವಾರ, ತಿಂಗಳಲ್ಲಿ ಕಾಯಿಲೆ ಮತ್ತೆ ಹರಿದಾಡಲು ಶುರು.

ಕಾರಣ 1993ರಲ್ಲಿ ಸಿಕ್ಕಿತು. ಕುಪ್ಪರ್‌ಮನ್ ಮತ್ತು ಸಂಗಡಿಗರು ಡ್ರಿಪ್ ಪಡೆಯುತ್ತಿದ್ದ ರೋಗಿಗಳ ಲೋಳೆಯಲ್ಲಿ ಔಷಧ ಅಳೆದಾಗ ಸಿಕ್ಕಿದ್ದು ಸರಾಸರಿ 0.93 ಮೈಕ್ರೊಗ್ರಾಂ. ಸಿಎಂವಿಯ ಹಲವು ತಳಿಗಳನ್ನು ಹಿಡಿದು ನಿಲ್ಲಿಸಲು ಇದು ಸಾಲದು ಅಥವಾ ಅಷ್ಟಕ್ಕಷ್ಟೆ. ರಕ್ತದಲ್ಲಿ ಧಾರಾಳ, ಕಣ್ಣಲ್ಲಿ ಅರೆಹೊಟ್ಟೆ. ಅರೆಹೊಟ್ಟೆಯ ಔಷಧ ವೈರಸ್ಸಿಗೆ ಪ್ರತಿರೋಧ ಕಲಿಸುವ ಶಾಲೆ.

ಕಣ್ಣೊಳಗೇ ಔಷಧ ಇಟ್ಟರೆ ಹೇಗೆ ಎಂದು ಯೋಚಿಸಿದವರು ಒಂದು ಪುಟ್ಟ ಗುಳಿಗೆಯನ್ನು ಶಸ್ತ್ರಚಿಕಿತ್ಸೆಯಿಂದ ಕಣ್ಣೊಳಗೆ ಹೊಲಿದರು. ಗಂಟೆಗೆ 1 ಮೈಕ್ರೊಗ್ರಾಂನಂತೆ ಗ್ಯಾನ್‌ಸೈಕ್ಲೊವಿರ್ ಜಿನುಗಿಸುತ್ತಾ ಅದು ಲೋಳೆಯಲ್ಲಿ 4 ಮೈಕ್ರೊಗ್ರಾಂ ಆಸುಪಾಸಿನ ಮಟ್ಟ ಕಾಯುತ್ತಿತ್ತು. 1997ರಲ್ಲಿ ಪ್ರಕಟವಾದ ಹೋಲಿಕೆಯನ್ನು ನಾನು ಕಿರಿಯರಿಗೆ ಈಗಲೂ ಹೇಳುತ್ತೇನೆ. ಡ್ರಿಪ್ ಪಡೆದವರಲ್ಲಿ ಕಾಯಿಲೆ ಮತ್ತೆ ಮುಂದುವರಿಯಲು ಹಿಡಿದ ಮಧ್ಯಮ ಅವಧಿ 71 ದಿನ. ಗುಳಿಗೆ ಇಟ್ಟವರಲ್ಲಿ 221 ದಿನ. ಅದೇ ಔಷಧ, ದಾರಿ ಮಾತ್ರ ಬೇರೆ.

ಆದರೆ ಆ ಅಧ್ಯಯನದ ಇನ್ನೊಂದು ಮುಖ ಇನ್ನೂ ಮುಖ್ಯ. ಗುಳಿಗೆ ಮಾತ್ರ ಇದ್ದವರಲ್ಲಿ ಇನ್ನೊಂದು ಕಣ್ಣಿಗೂ, ದೇಹದ ಬೇರೆ ಭಾಗಗಳಿಗೂ ಸಿಎಂವಿ ಹರಡುವುದು ಹೆಚ್ಚಾಗಿತ್ತು. ಕಣ್ಣೊಳಗೆ ಇಟ್ಟ ಔಷಧ ಆ ಕಣ್ಣನ್ನಷ್ಟೇ ಕಾಯುತ್ತದೆ. 1999ರಲ್ಲಿ ಗುಳಿಗೆಯ ಜೊತೆ ಬಾಯಿಯಿಂದಲೂ ಔಷಧ ಕೊಟ್ಟಾಗ ಈ ಹರಡುವಿಕೆ ಕಡಿಮೆಯಾಯಿತು. ಆ ಗುಳಿಗೆ ಈಗ ಮಾರುಕಟ್ಟೆಯಲ್ಲಿಲ್ಲ, ಆದರೆ ಅದು ಕಲಿಸಿದ್ದು ಉಳಿದಿದೆ.

2001ರಲ್ಲಿ ವಾಲ್‌ಗ್ಯಾನ್‌ಸೈಕ್ಲೊವಿರ್ ಮಾತ್ರೆ ಬಂತು. ವ್ಯಾಲಿನ್ ಜೋಡಿಸುವ ಅದೇ ಉಪಾಯ. ರಕ್ತ ಸೇರುವ ಪಾಲು ಶೇಕಡಾ 60ರ ಆಸುಪಾಸು. 900 ಮಿಗ್ರಾಂ ದಿನಕ್ಕೆ ಎರಡು ಸಲ ನುಂಗಿದರೆ ಡ್ರಿಪ್ಪಿನಷ್ಟೇ ಔಷಧ ರಕ್ತದಲ್ಲಿರುತ್ತದೆ. 2002ರ ಹೋಲಿಕೆಯಲ್ಲಿ ನಾಲ್ಕು ವಾರಕ್ಕೆ ಕಾಯಿಲೆ ಮುಂದುವರಿದವರು ಡ್ರಿಪ್ ಗುಂಪಿನಲ್ಲಿ 70ರಲ್ಲಿ 7, ಮಾತ್ರೆ ಗುಂಪಿನಲ್ಲಿ 71ರಲ್ಲಿ 7. ಇಷ್ಟು ಸಮಸಮ ಬರುವ ಫಲಿತಾಂಶ ಅಪರೂಪ. ಮಾತ್ರೆಗೆ ಬೆಲೆ ಹೆಚ್ಚು ಎಂಬುದು ನಿಜ. ಮೂರು ವಾರದ ಹಾಸಿಗೆ, ಜೊತೆಗಿರುವವರ ಕೂಲಿ, ಊಟ, ಬಸ್ ಚಾರ್ಜು ಎಲ್ಲ ಕೂಡಿಸಿ ನೋಡಿದ ಮೇಲೆ ಯಾವುದು ದುಬಾರಿ ಎಂದು ಹೇಳಬೇಕು.

ಎರಡರಲ್ಲೂ ರಕ್ತದ ಎಣಿಕೆ ಮೇಲೆ ಕಣ್ಣಿಡಬೇಕು. ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣ 500ಕ್ಕಿಂತ, ಪ್ಲೇಟ್‌ಲೆಟ್ 25,000ಕ್ಕಿಂತ ಕೆಳಗಿದ್ದರೆ ಶುರು ಮಾಡುವಂತಿಲ್ಲ. ಗರ್ಭಿಣಿಯರಿಗೆ ಇದನ್ನು ತಪ್ಪಿಸುತ್ತೇವೆ. ಎಚ್ಐವಿ ಇರುವವರಿಗೆ ಇದೆಲ್ಲದರ ಬೆನ್ನೆಲುಬು ಎಚ್ಐವಿಯನ್ನೇ ಹತ್ತಿಕ್ಕುವ ಎಆರ್‌ಟಿ ಚಿಕಿತ್ಸೆಯೇ. ನಮ್ಮ ದೇಶದ ಸರ್ಕಾರಿ ಕೇಂದ್ರಗಳಲ್ಲಿ 2004ರಿಂದ ಅದು ಉಚಿತವಾಗಿ ಸಿಗುತ್ತಿದೆ. ಸಿಡಿ4 ಮೇಲೇರಿ ನಿಂತ ಮೇಲೆ ಕಣ್ಣಿನ ಔಷಧವನ್ನು ನಿಲ್ಲಿಸಲೂ ಸಾಧ್ಯವಾಗುತ್ತದೆ.

ಫೋಸ್ಕಾರ್ನೆಟ್, ಸಿಡೊಫೊವಿರ್

ಇವೆರಡು ಎರಡನೆಯ ಸಾಲಿನವು, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ಫೋಸ್ಕಾರ್ನೆಟ್‌ಗೆ ವೈರಸ್ಸಿನ ಕಿಣ್ವದ ಸಹಾಯ ಬೇಡ, ಅಸೈಕ್ಲೊವಿರ್, ಗ್ಯಾನ್‌ಸೈಕ್ಲೊವಿರ್‌ಗೆ ಅದು ಬೇಕು. ಅದಕ್ಕೇ ಅಸೈಕ್ಲೊವಿರ್ ಅಥವಾ ಗ್ಯಾನ್‌ಸೈಕ್ಲೊವಿರ್‌ಗೆ ಜಗ್ಗದ ವೈರಸ್ಸಿಗೆ ಇದನ್ನು ಹಿಡಿಯುತ್ತೇವೆ. 1992ರಲ್ಲಿ ಗ್ಯಾನ್‌ಸೈಕ್ಲೊವಿರ್ ಡ್ರಿಪ್ಪಿನ ಜೊತೆ ಹೋಲಿಸಿದಾಗ ಕಣ್ಣು ಉಳಿಸುವುದರಲ್ಲಿ ಎರಡೂ ಸಮ ಎಂದಾಯಿತು. ಡ್ರಿಪ್ ರೂಪದಲ್ಲಿ ಮೂತ್ರಪಿಂಡಕ್ಕೆ ಕಷ್ಟ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಏರುಪೇರು. ಮೂತ್ರದಲ್ಲಿ ಹಾಗೇ ಹೊರಹೋಗುವುದರಿಂದ ಜನನಾಂಗದ ಮೇಲೆ ಹುಣ್ಣು. ಎಲ್ಲ ಊರಲ್ಲೂ ಸುಲಭವಾಗಿ ಸಿಗುವ ಔಷಧವೂ ಅಲ್ಲ. ಸಿಡೊಫೊವಿರ್ ವಾರಕ್ಕೊಮ್ಮೆ ಕೊಟ್ಟರೆ ಸಾಕು ಎಂಬ ಅನುಕೂಲವಿದ್ದರೂ ಮೂತ್ರಪಿಂಡಕ್ಕೆ ಅಪಾಯ ಹೆಚ್ಚು, ಕಣ್ಣಿನಲ್ಲೇ ಉರಿಯೂತ ಎಬ್ಬಿಸಿ ಕಣ್ಣಿನ ಒತ್ತಡವನ್ನು ಪಾತಾಳಕ್ಕಿಳಿಸಬಲ್ಲದು. ಬೇರೆ ದಾರಿ ಇರುವಾಗ ನಾನು ಅದರ ಹತ್ತಿರ ಹೋಗುವುದಿಲ್ಲ.

ಕಣ್ಣಿಗೇ ಇಂಜೆಕ್ಷನ್

ಹೆಸರು ಕೇಳಿದರೇ ರೋಗಿಗಳು ಕುರ್ಚಿ ಬಿಟ್ಟು ಏಳುತ್ತಾರೆ. ಆದ್ದರಿಂದ ನಡೆಯುವುದೇನು ಎಂದು ಹೇಳಿಬಿಡುತ್ತೇನೆ. ಮರಗಟ್ಟುವ ಹನಿ ಹಾಕುತ್ತೇವೆ, ರೆಪ್ಪೆ ಮತ್ತು ಕಣ್ಣಿನ ಮೇಲ್ಮೈಯನ್ನು ಪೊವಿಡೋನ್ ಅಯೋಡಿನ್‌ನಿಂದ ತೊಳೆಯುತ್ತೇವೆ. ಕಪ್ಪುಗುಡ್ಡೆಯ ಅಂಚಿನಿಂದ ಮೂರೂವರೆ, ನಾಲ್ಕು ಮಿಲಿಮೀಟರ್ ಹಿಂದೆ, ಕೂದಲಿನಷ್ಟು ಸಣ್ಣ ಸೂಜಿಯಿಂದ 0.1 ಮಿಲಿ ಔಷಧ. ಸೂಜಿ ಒಳಗಿರುವುದು ಕೆಲವೇ ಸೆಕೆಂಡು. ತೆಗೆದ ಮೇಲೆ "ಅಜ್ಜ, ಎಷ್ಟು ಬೆರಳು?" ಎಂದು ಕೇಳುತ್ತೇವೆ. ಒತ್ತಡ ವಿಪರೀತ ಏರಿ ರಕ್ತಸಂಚಾರ ನಿಂತಿಲ್ಲ ಎಂದು ತಿಳಿಯುವುದು ಹಾಗೆ.

ಇಂಜೆಕ್ಷನ್‌ಗಿಂತ ಕಷ್ಟದ ಕೆಲಸ ಔಷಧ ತಯಾರಿಸುವುದು. ಗ್ಯಾನ್‌ಸೈಕ್ಲೊವಿರ್ 500 ಮಿಗ್ರಾಂ ಪುಡಿಯಾಗಿ ಬರುತ್ತದೆ. ಕೊನೆಗೆ ಒಟ್ಟು 25 ಮಿಲಿ ಆಗುವಂತೆ ಕರಗಿಸಿದರೆ ಪ್ರತಿ ಮಿಲಿಗೆ 20 ಮಿಗ್ರಾಂ, ಆಗ 0.1 ಮಿಲಿಯಲ್ಲಿ 2 ಮಿಗ್ರಾಂ. ಇಲ್ಲಿ ಒಂದು ಸೊನ್ನೆ ತಪ್ಪಿದರೆ ರೆಟಿನಾ ಸುಟ್ಟುಹೋಗುತ್ತದೆ. ನಮ್ಮಲ್ಲಿ ಒಬ್ಬರು ಬೆರೆಸುತ್ತಾರೆ, ಇನ್ನೊಬ್ಬರು ಗಟ್ಟಿಯಾಗಿ ಲೆಕ್ಕ ಓದುತ್ತಾರೆ. ಫೋಸ್ಕಾರ್ನೆಟ್ ಮಿಲಿಗೆ 24 ಮಿಗ್ರಾಂ ದ್ರಾವಣವಾಗಿಯೇ ಬರುವುದರಿಂದ 0.1 ಮಿಲಿ ಎಳೆದರೆ 2.4 ಮಿಗ್ರಾಂ, ಬೆರೆಸುವ ಗೋಜಿಲ್ಲ.

ಈಗ ಒಂದು ಲೆಕ್ಕ ಮಾಡಿ ನೋಡಿ. 2 ಮಿಗ್ರಾಂ ಎಂದರೆ 2000 ಮೈಕ್ರೊಗ್ರಾಂ. ಕಣ್ಣಿನ ಲೋಳೆ ಸುಮಾರು 4 ಮಿಲಿ. ಹಂಚಿದರೆ ಮಿಲಿಗೆ 500 ಮೈಕ್ರೊಗ್ರಾಂ. ಡ್ರಿಪ್ಪಿನಿಂದ ಬಂದದ್ದು 0.93. ಸೂಜಿ ತೆಗೆದ ಕ್ಷಣಕ್ಕೆ ಐನೂರು ಪಟ್ಟಿಗಿಂತ ಹೆಚ್ಚು! ಇದು ಗಂಟೆಗಂಟೆಗೂ ಇಳಿಯುತ್ತಾ ಹೋಗುತ್ತದೆ, ಅದಕ್ಕೇ ಮೊದಲಿಗೆ ವಾರಕ್ಕೆ ಎರಡು ಸಲ ಕೊಡಬೇಕಾಗುತ್ತದೆ. ವಿಟ್ರೆಕ್ಟಮಿ ಮಾಡಿ ಲೋಳೆ ತೆಗೆದ ಕಣ್ಣಿನಲ್ಲಿ ಇನ್ನೂ ಬೇಗ ಖಾಲಿಯಾಗುತ್ತದೆ. ಸಿಲಿಕೋನ್ ಎಣ್ಣೆ ತುಂಬಿದ ಕಣ್ಣಿನಲ್ಲಿ ಔಷಧ ಹರಡಲು ಜಾಗವೇ ಇಲ್ಲದ್ದರಿಂದ ಪ್ರಮಾಣ ತಗ್ಗಿಸಬೇಕು. ಸೋಂಕು, ರಕ್ತಸ್ರಾವದ ಅಪಾಯ ಸಣ್ಣದಾದರೂ ಪ್ರತಿ ಸೂಜಿಗೂ ಇದೆ.

ಯಾರಿಗೆ ಯಾವುದು?

ಬೇರೆ ಕಾಯಿಲೆ ಇಲ್ಲದವರು, ಒಂದೇ ಕಣ್ಣಿನ ಎಆರ್‌ಎನ್, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯೇಟಿನಿನ್ ಸರಿಯಿದೆ, ಮಾತ್ರೆ ನುಂಗಬಲ್ಲರು, ಎರಡು ಮೂರು ದಿನಕ್ಕೊಮ್ಮೆ ತೋರಿಸಲು ಬರಬಲ್ಲರು ಎಂದಾದರೆ ನನ್ನ ಆಯ್ಕೆ ವಾಲಾಸೈಕ್ಲೊವಿರ್ ಮತ್ತು ಕಣ್ಣಿನ ಇಂಜೆಕ್ಷನ್ ಜೊತೆಜೊತೆಗೆ. ಮೊದಲ ಮಾತ್ರೆಯನ್ನು ನನ್ನ ಎದುರಿಗೇ ನುಂಗಿಸುತ್ತೇನೆ.

ತಲೆನೋವಿನ ಜೊತೆ ಮಾತು ತಡವರಿಸುತ್ತಿದೆ, ಗೊಂದಲವಿದೆ, ಜ್ವರವಿದೆ ಎಂದರೆ ಅಂದೇ ಅಡ್ಮಿಟ್ ಮಾಡಿ ಡ್ರಿಪ್. ಎರಡೂ ಕಣ್ಣಿಗೆ ಬಂದಿದ್ದರೆ, ಚಿಕ್ಕ ಮಕ್ಕಳಾದರೆ, ವಾಂತಿ ನಿಲ್ಲದಿದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿದ್ದರೆ ಡ್ರಿಪ್. ದೂರದ ಊರಿನಲ್ಲಿ ಒಬ್ಬರೇ ಇರುವ ವಯಸ್ಸಾದವರು, ಮಾತ್ರೆ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂಬ ಅನುಮಾನವಿದ್ದರೂ ನಾನು ಒಂದು ವಾರ ವಾರ್ಡಿನಲ್ಲಿ ಇರಿಸಿಕೊಳ್ಳುತ್ತೇನೆ. ಇದು ಔಷಧಶಾಸ್ತ್ರದ ತೀರ್ಮಾನವಲ್ಲ, ಅವರ ಮನೆಯ ಸ್ಥಿತಿ ನೋಡಿ ಮಾಡುವ ತೀರ್ಮಾನ. ಅದಕ್ಕೂ ತೂಕವಿದೆ.

ಏಡ್ಸ್ ರೋಗಿಯಲ್ಲಿ ಜೋಸ್ಟರ್ ವೈರಸ್ ರೆಟಿನಾದ ಹೊರಪದರವನ್ನು ದಿನಗಳಲ್ಲಿ ಕರಗಿಸುವ ಕಾಯಿಲೆಯೊಂದಿದೆ. ಅಲ್ಲಿ ಅಸೈಕ್ಲೊವಿರ್ ಡ್ರಿಪ್ ಒಂದೇ ಸೋತದ್ದೇ ಹೆಚ್ಚು. ಎರಡು ಔಷಧ, ರಕ್ತಕ್ಕೂ ಕಣ್ಣಿಗೂ ಒಟ್ಟಿಗೆ ಕೊಡಬೇಕು. ಸಿಎಂವಿಯಲ್ಲಿ ತೇಪೆ ದೃಷ್ಟಿಯ ನಡುಭಾಗಕ್ಕೋ ನರಕ್ಕೋ ಹತ್ತಿರವಿದ್ದರೆ ಕೂಡಲೇ ಗ್ಯಾನ್‌ಸೈಕ್ಲೊವಿರ್ ಇಂಜೆಕ್ಷನ್, ಜೊತೆಗೆ ವಾಲ್‌ಗ್ಯಾನ್‌ಸೈಕ್ಲೊವಿರ್ ಮಾತ್ರೆ. ಭೇದಿಯಿಂದ ಮಾತ್ರೆ ಹೀರಿಕೊಳ್ಳುವ ಭರವಸೆ ಇಲ್ಲದಿದ್ದರೆ ಡ್ರಿಪ್. ದುಡ್ಡಿಲ್ಲವೆಂದು ಬರೀ ಇಂಜೆಕ್ಷನ್‌ನಲ್ಲೇ ನಡೆಸುವುದು ನಮ್ಮ ಕಡೆ ಹೊಸದಲ್ಲ. ಆ ಕಣ್ಣು ಉಳಿಯುತ್ತದೆ, ಆದರೆ ಇನ್ನೊಂದು ಕಣ್ಣು ಮತ್ತು ಕರುಳು, ಮೆದುಳು ಕಾವಲಿಲ್ಲದೆ ಉಳಿಯುತ್ತವೆ ಎಂದು ಮನೆಯವರಿಗೆ ಬಿಡಿಸಿ ಹೇಳಲೇಬೇಕು.

ಸ್ಟೀರಾಯ್ಡ್ ಬಗ್ಗೆ ಒಂದು ಮಾತು. ಕೆಂಪು ಕಣ್ಣು, ಮಂಜು ನೋಡಿ ಹಿಂಭಾಗ ಪರೀಕ್ಷಿಸದೆ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿ ಬಂದ ಕಣ್ಣುಗಳು ತೀರ ಕೆಟ್ಟ ಸ್ಥಿತಿಯಲ್ಲಿ ಬರುತ್ತವೆ. ಬೇಕಾದರೆ ಅದನ್ನು ಕೊಡುವುದು ವೈರಸ್ ಔಷಧ ಶುರುವಾಗಿ ಒಂದೆರಡು ದಿನ ಕಳೆದ ಮೇಲೆ. ಇನ್ನು ಔಷಧ ಎಷ್ಟೇ ಚೆನ್ನಾಗಿ ಕಣ್ಣು ತಲುಪಿದರೂ ಸತ್ತ ರೆಟಿನಾ ತೆಳ್ಳಗಾಗಿ ಹರಿದು ಕಳಚುವ ಅಪಾಯ ತಿಂಗಳುಗಟ್ಟಲೆ ಇರುತ್ತದೆ. ಪರದೆ ಇಳಿದಂತೆ ಕತ್ತಲಾದರೆ ಅಂದೇ ಬರಬೇಕು.

ಎರಡನೆಯ ಕಣ್ಣಿನ ವಿಷಯದಲ್ಲಿ ರಕ್ತಕ್ಕೆ ಹೋಗುವ ಔಷಧದ ಬೆಲೆ ಗೊತ್ತಾಗಬೇಕಾದರೆ 1991ರ ಒಂದು ಲೆಕ್ಕ ಸಾಕು. ಒಂದು ಕಣ್ಣಿನ ಎಆರ್‌ಎನ್‌ಗೆ ಅಸೈಕ್ಲೊವಿರ್ ಪಡೆದ 31 ಜನರಲ್ಲಿ 4 ಮಂದಿಗೆ ಇನ್ನೊಂದು ಕಣ್ಣಿಗೂ ಬಂತು. ಪಡೆಯದ 23 ಜನರಲ್ಲಿ 16 ಮಂದಿಗೆ. ಕಣ್ಣಿನ ಇಂಜೆಕ್ಷನ್ ಎಷ್ಟೇ ಬಲವಾಗಿದ್ದರೂ ಮಾತ್ರೆಯನ್ನೋ ಡ್ರಿಪ್ಪನ್ನೋ ಬಿಡಬಾರದು ಎನ್ನುವುದು ಇದಕ್ಕೆ. ಮಾತ್ರೆ ಹಲವು ವಾರ, ಮೂರು ತಿಂಗಳವರೆಗೂ ಮುಂದುವರಿಯುತ್ತದೆ. ಕಣ್ಣು ತಿಳಿಯಾಯಿತೆಂದು ನಡುವೆ ನಿಲ್ಲಿಸುವವರೇ ಹೆಚ್ಚು.

ಆ ಹುಡುಗನ ಅಪ್ಪನಿಗೆ ಅಂದು ಮಧ್ಯಾಹ್ನವೇ ಇಂಜೆಕ್ಷನ್ ಆಯಿತು, ಕೈಗೆ ಮಾತ್ರೆ ಕೊಟ್ಟೆವು. ಪಿಸಿಆರ್‌ನಲ್ಲಿ ಜೋಸ್ಟರ್ ಬಂತು. ಹುಡುಗನಿಗೆ ಒಂದು ಕೆಲಸ ಹೇಳಿ ಕಳಿಸಿದ್ದೆ: ದಿನಾ ಬೆಳಿಗ್ಗೆ ಅಪ್ಪನ ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಆವತ್ತಿನ ತಿಥಿ ಓದಿಸು. ಒಂದು ದಿನ ತಡವರಿಸಿದರೂ ಫೋನ್ ಮಾಡು. ಮೂರನೆಯ ತಿಂಗಳು ಬಂದಾಗ ಅವನು ಆ ಕ್ಯಾಲೆಂಡರಿನ ಹಾಳೆಗಳನ್ನೇ ಮಡಚಿ ತಂದಿದ್ದ. ಪ್ರತಿ ತಾರೀಖಿನ ಮೇಲೂ ಪೆನ್ಸಿಲ್ಲಿನ ಒಂದು ಗುರುತು, ಅದರ ಕೆಳಗೆ ಆವತ್ತಿನ ಮೂರು ಮಾತ್ರೆಗೆ ಮೂರು ಚುಕ್ಕಿ.